ಬ್ರೇಕ್ ಪ್ಯಾಡ್ ಕೊಳ್ಳುವಾಗ ಕಾವಿನ ಲೆಕ್ಕ

ವಾರವೆಲ್ಲ ಕಾರಿನಲ್ಲಿ ಕಾರ್ಖಾನೆಗೋ ಕಚೇರಿಗೋ ಹೋಗಿಬರುವ ನಮ್ಮ ಹೊಸೂರಿನ ಕಡೆಯ ಕೆಲವು ಯುವಕರು, ವರ್ಷಕ್ಕೆ ಒಂದೆರಡು ಸಲ ಅದೇ ಕಾರನ್ನು ರೇಸ್ ಟ್ರ್ಯಾಕಿಗೆ ಒಯ್ದು ಓಡಿಸಿ ಬರುತ್ತಾರೆ. ಚೆನ್ನೈ ಹೆದ್ದಾರಿಯಲ್ಲಿ ಶ್ರೀಪೆರಂಬುದೂರಿನ ಬಳಿ, ಇರುಂಗಾಟ್ಟುಕೋಟೈಯಲ್ಲಿ 1990ರಲ್ಲಿ ಆರಂಭವಾದ 3.7 ಕಿ.ಮೀ. ಉದ್ದದ ಟ್ರ್ಯಾಕ್ ಇದೆ. ಕೊಯಮತ್ತೂರಿನ ಹತ್ತಿರ ಕರಿ ಮೋಟಾರ್ ಸ್ಪೀಡ್‌ವೇ ಇದೆ. ವೇಗದ ಚಪಲವನ್ನು ಹೆದ್ದಾರಿಯಲ್ಲಿ ತೀರಿಸಿಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ ಹೊರಡುವ ಮೊದಲು ಇವರು ಬಿಡಿಭಾಗಗಳ ಅಂಗಡಿಗೆ ಹೋಗಿ, "ರೇಸಿಂಗ್ ಬ್ರೇಕ್ ಪ್ಯಾಡ್ ಕೊಡಿ" ಎಂದು ಕೇಳುತ್ತಾರೆ. ಅಲ್ಲಿಯೇ ಸ್ವಲ್ಪ ಯೋಚಿಸಬೇಕು.

ನನ್ನ ತಂಗಿಯ ಮಗನೂ ಇಂಥವರಲ್ಲಿ ಒಬ್ಬ. "ಮಾವ, ಎಲ್ಲಕ್ಕಿಂತ ಗಟ್ಟಿಯಾದ ಪ್ಯಾಡ್ ಹಾಕಿಸಿಬಿಡುತ್ತೇನೆ" ಎಂದ. ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ನಿವೃತ್ತನಾದ ನಾನು ಕೇಳಿದ್ದು ಒಂದೇ ಮಾತು: "ಲೆಕ್ಕ ಹಾಕಿದೆಯಾ?" ಆ ಲೆಕ್ಕವನ್ನೇ ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ಬ್ರೇಕ್ ಮಾಡುವ ಕೆಲಸವೇನು? ಕಾರಿನ ಓಟವನ್ನು ಕಾವನ್ನಾಗಿ ಬದಲಿಸುವುದು. ಸಾವಿರ ಕಿಲೋ ತೂಕದ ಕಾರು ಗಂಟೆಗೆ 50 ಕಿ.ಮೀ. ವೇಗದಿಂದ ನಿಂತರೆ ಸುಮಾರು 96 ಕಿಲೋಜೂಲ್ ಕಾವು ಹುಟ್ಟುತ್ತದೆ. ವೇಗ 100 ಆದರೆ ಕಾವು ಎರಡರಷ್ಟಲ್ಲ, ನಾಲ್ಕರಷ್ಟು, ಅಂದರೆ ಸುಮಾರು 386. ಒಂದು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಇಷ್ಟು ಸಾಕು. ವೇಗ 140 ಆದರೆ ಕಾವು ಸುಮಾರು 756. ಈ ಕಾವೆಲ್ಲ ಅಂಗೈಯಗಲದ ಪ್ಯಾಡುಗಳ ಮತ್ತು ಡಿಸ್ಕುಗಳ ಮೇಲೆ ಬೀಳುತ್ತದೆ.

ಊರಿನ ರಸ್ತೆಯಲ್ಲಿ ಒಂದು ಸಲ ಬ್ರೇಕ್ ಹಾಕಿದ ಮೇಲೆ ಅದು ಆರಲು ಸಮಯ ಸಿಗುತ್ತದೆ. ಟ್ರ್ಯಾಕಿನಲ್ಲಿ ಹಾಗಲ್ಲ, ಆರುವ ಮೊದಲೇ ಮುಂದಿನ ತಿರುವು ಬಂದಿರುತ್ತದೆ. ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು ಬಂದ ತಾಳವಾಡಿಯ ಬಂಧುಗಳಿಗೆ ಆ ಸುಟ್ಟ ವಾಸನೆ ಹೊಸದೇನಲ್ಲ.

ಕಾವು ಮಿತಿ ಮೀರಿದರೆ ಬ್ರೇಕ್ ಎರಡು ಬಗೆಯಲ್ಲಿ ಸೋಲುತ್ತದೆ. ಮೊದಲನೆಯದು ಪ್ಯಾಡಿನ ಸೋಲು. ಪ್ಯಾಡಿನ ಪುಡಿಯನ್ನು ಹಿಡಿದಿಟ್ಟಿರುವ ರಾಳ ಬೆಂದು ಅನಿಲ ಬಿಡುತ್ತದೆ, ಹಿಡಿತ ತಪ್ಪುತ್ತದೆ. ಆಗ ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಆದರೆ ಕಾರು ನಿಲ್ಲುವುದಿಲ್ಲ. ಎರಡನೆಯದು ಬ್ರೇಕ್ ಆಯಿಲ್ ಕುದಿಯುವುದು. ಆಗ ಪೈಪಿನೊಳಗೆ ಆವಿಯ ಗುಳ್ಳೆಗಳಾಗಿ, ಪೆಡಲ್ ಮೆತ್ತಗಾಗಿ ನೆಲ ಮುಟ್ಟುತ್ತದೆ. ಈ ಎರಡನೆಯ ಸೋಲಿಗೆ ಎಷ್ಟು ದುಬಾರಿ ಪ್ಯಾಡ್ ಹಾಕಿಸಿದರೂ ಪರಿಹಾರವಿಲ್ಲ.

ಈಗ ಪ್ಯಾಡಿನ ಆಯ್ಕೆಗೆ ಬರೋಣ. ಕಾರಿನ ಜೊತೆ ಬರುವ ಸಾಧಾರಣ ಪ್ಯಾಡ್ ತಣ್ಣಗಿರುವಾಗಲೇ ಚೆನ್ನಾಗಿ ಹಿಡಿಯುತ್ತದೆ, ಸದ್ದು ಮಾಡುವುದಿಲ್ಲ, ಡಿಸ್ಕನ್ನು ಹೆಚ್ಚು ಸವೆಸುವುದಿಲ್ಲ. ಆದರೆ ಸುಮಾರು 300ರಿಂದ 350 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದರ ಶಕ್ತಿ ಕುಂದತೊಡಗುತ್ತದೆ. ಅಪ್ಪಟ ರೇಸಿಂಗ್ ಪ್ಯಾಡಿನ ಸ್ವಭಾವ ಇದಕ್ಕೆ ತಿರುಗುಮುರುಗು. ಅದು 600 ಡಿಗ್ರಿಯಲ್ಲೂ ಹಿಡಿಯಬಲ್ಲದು. ಆದರೆ ಚೆನ್ನಾಗಿ ಕಾಯುವವರೆಗೆ ಅದರ ಹಿಡಿತವನ್ನು ನಂಬುವ ಹಾಗಿಲ್ಲ. ಬೆಳಗಿನ ಚಳಿಯಲ್ಲಿ ಮನೆಯಿಂದ ಹೊರಟು, ಮೊದಲ ತಿರುವಿನಲ್ಲೇ ಮಗುವೊಂದು ಅಡ್ಡ ಓಡಿಬಂದರೆ, ಪ್ಯಾಡ್ ಕಾಯುವವರೆಗೆ ಆ ಮಗು ಕಾಯುತ್ತದೆಯೇ?

ಆದ್ದರಿಂದ ವರ್ಷಕ್ಕೆ ಎರಡು ದಿನ ಟ್ರ್ಯಾಕಿಗೆ, ಉಳಿದ ದಿನಗಳೆಲ್ಲ ರಸ್ತೆಗೆ ಎನ್ನುವವರು ನಡುವಣ ಜಾತಿಯ ಪ್ಯಾಡನ್ನು ಆರಿಸಬೇಕು. ಪೆಟ್ಟಿಗೆಯ ಮೇಲೋ ಕಂಪನಿಯ ಪಟ್ಟಿಯಲ್ಲೋ ಅದು ಕೆಲಸ ಮಾಡುವ ಕಾವಿನ ಮಿತಿಯನ್ನು ಕೊಟ್ಟಿರುತ್ತಾರೆ. ಎಲ್ಲರೂ ಮೇಲಿನ ಅಂಕಿಯನ್ನೇ ನೋಡುತ್ತಾರೆ. ನೀವು ಮೊದಲು ಕೆಳಗಿನ ಅಂಕಿಯನ್ನು ನೋಡಿ. ಅದು ವಾತಾವರಣದ ಕಾವಿನಿಂದಲೇ ಆರಂಭವಾಗಿರಬೇಕು. ಮೇಲಿನದು 500 ಡಿಗ್ರಿಯ ಆಸುಪಾಸಿನಲ್ಲಿದ್ದರೆ ನಮ್ಮ ಕೆಲಸಕ್ಕೆ ಸಾಕು. ಇಂಥ ಪ್ಯಾಡ್ ಸ್ವಲ್ಪ ಕಿರುಗುಟ್ಟುತ್ತದೆ, ಚಕ್ರಕ್ಕೆ ಕಪ್ಪು ಧೂಳು ಮೆತ್ತುತ್ತದೆ. ಅಷ್ಟು ಬಡ್ಡಿ ಕಟ್ಟಲೇಬೇಕು.

ಹಲವು ಪ್ಯಾಡುಗಳ ಮೇಲೆ ಎರಡು ಇಂಗ್ಲಿಷ್ ಅಕ್ಷರಗಳನ್ನು ಅಚ್ಚು ಹಾಕಿರುತ್ತಾರೆ. ಮೊದಲನೆಯದು ಸಾಮಾನ್ಯ ಕಾವಿನ ಹಿಡಿತ, ಎರಡನೆಯದು ಹೆಚ್ಚು ಕಾವಿನ ಹಿಡಿತ. 'ಇ' ಎಂದರೆ ಘರ್ಷಣೆಯ ಅಂಕ 0.25ರಿಂದ 0.35, 'ಎಫ್' ಎಂದರೆ 0.35ರಿಂದ 0.45, 'ಜಿ' ಎಂದರೆ 0.45ರಿಂದ 0.55. ಎರಡೂ ಅಕ್ಷರ ಒಂದೇ ಆಗಿದ್ದರೆ ಕಾವು ಏರಿದರೂ ಹಿಡಿತ ಹೆಚ್ಚು ಬದಲಾಗದು ಎಂದು ತಿಳಿಯಬಹುದು. ಯುರೋಪಿನ 'ಆರ್ 90' ಗುರುತಿದ್ದರೆ, ಆ ಪ್ಯಾಡಿನ ಕೆಲಸ ಮೂಲ ಪ್ಯಾಡಿಗಿಂತ ಶೇಕಡಾ 15ಕ್ಕಿಂತ ಹೆಚ್ಚು ಆಚೀಚೆ ಇರುವುದಿಲ್ಲವೆಂದು ಪರೀಕ್ಷಿಸಲಾಗಿದೆ ಎಂದರ್ಥ. ಎಡ ಬಲ ಎರಡೂ ಚಕ್ರಗಳಿಗೆ ಒಂದೇ ಜಾತಿಯ ಪ್ಯಾಡನ್ನು ಒಟ್ಟಿಗೇ ಹಾಕಿಸಬೇಕು; ಇಲ್ಲವಾದರೆ ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆ.

ಇನ್ನು ಬ್ರೇಕ್ ಆಯಿಲ್. ಡಾಟ್ 3 ಹೊಸದಿರುವಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯುವುದಿಲ್ಲ. ಗಾಳಿಯ ತೇವ ಹೀರಿಕೊಂಡ ಮೇಲೆ ಈ ಮಿತಿ 140ಕ್ಕೆ ಇಳಿಯಬಹುದು. ಡಾಟ್ 4ಕ್ಕೆ ಇದೇ ಅಂಕಿಗಳು 230 ಮತ್ತು 155. ಟ್ರ್ಯಾಕಿಗೆ ಹೋಗುವ ಮೊದಲು ಹಳೆಯದನ್ನು ಪೂರ್ತಿ ತೆಗೆಸಿ, ಹೊಸ ಡಾಟ್ 4 ತುಂಬಿಸಿ, ಗಾಳಿ ತೆಗೆಸಿ. ಪ್ಯಾಡಿಗೆ ಹೋಲಿಸಿದರೆ ಖರ್ಚು ಕಡಿಮೆ, ಲಾಭ ದೊಡ್ಡದು. ಸಿಲಿಕೋನಿನ ಡಾಟ್ 5 ಬೇರೆಯೇ ಜಾತಿ. ಅದನ್ನು ಇದರೊಡನೆ ಬೆರೆಸಕೂಡದು.

ಹೊಸ ಪ್ಯಾಡನ್ನು ಡಿಸ್ಕಿಗೆ ಕೂರಿಸಿಕೊಳ್ಳದೆ ಟ್ರ್ಯಾಕಿಗೆ ಇಳಿಯಬೇಡಿ. ಖಾಲಿ ರಸ್ತೆಯಲ್ಲಿ ಹಿಂದೆ ಮುಂದೆ ನೋಡಿಕೊಂಡು, 60ರಿಂದ 20ರ ವೇಗಕ್ಕೆ ಎಂಟು ಹತ್ತು ಸಲ ಹದವಾಗಿ ಇಳಿಸಿ, ಪೂರ್ತಿ ನಿಲ್ಲಿಸದೆ ಸಾಗಿ, ಬಳಿಕ ಬ್ರೇಕ್ ಮುಟ್ಟದೆ ಓಡಿಸಿ ಆರಿಸಿ. ಕಂಪನಿಯವರು ಬೇರೆ ಕ್ರಮ ಹೇಳಿದ್ದರೆ ಅದನ್ನೇ ಪಾಲಿಸಿ. ಟ್ರ್ಯಾಕಿನಲ್ಲಿ ಕೊನೆಯ ಸುತ್ತನ್ನು ನಿಧಾನವಾಗಿ ಮುಗಿಸಿ. ಕಾದ ಬ್ರೇಕಿನ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯದೆ, ಗಿಯರಿನಲ್ಲಿ ಬಿಟ್ಟು, ಚಕ್ರಕ್ಕೆ ಕಲ್ಲು ಕೊಡಿ. ಅರ್ಧಕ್ಕಿಂತ ಹೆಚ್ಚು ಸವೆದ ಪ್ಯಾಡಿದ್ದರೆ ಅಂದು ಟ್ರ್ಯಾಕಿಗೆ ಹೋಗದಿರುವುದೇ ಲೇಸು.

ಇನ್ನೊಂದು ಮಾತು. ನಿಮ್ಮ ವಿಮೆ ಪಾಲಿಸಿಯನ್ನು ತೆಗೆದು ಓದಿ. ಸಾಮಾನ್ಯ ಖಾಸಗಿ ಕಾರಿನ ಪಾಲಿಸಿಯಲ್ಲಿ ಸಂಘಟಿತ ರೇಸಿಂಗ್ ಮತ್ತು ವೇಗ ಪರೀಕ್ಷೆಯನ್ನು ಹೊರಗಿಟ್ಟಿರುತ್ತಾರೆ. ಅಲ್ಲಿ ಆದ ನಷ್ಟ ನಿಮ್ಮ ಕೈಯಿಂದಲೇ ಹೋದೀತು.

ಟ್ರ್ಯಾಕಿನಿಂದ ಹೊಸೂರಿಗೆ 250 ಕಿ.ಮೀ.ಗೂ ಹೆಚ್ಚು ದಾರಿ. ದಣಿದ ಕೈಕಾಲು, ಕತ್ತಲೆ, ಲಾರಿಗಳ ಸಾಲು. ಸಾಯಂಕಾಲ ಹೊರಡುವ ಮೊದಲು ಬ್ರೇಕ್ ಆರಿದೆಯೇ, ಪೆಡಲ್ ಬೆಳಿಗ್ಗೆ ಇದ್ದಷ್ಟೇ ಎತ್ತರದಲ್ಲಿದೆಯೇ, ಪ್ಯಾಡ್ ಎಷ್ಟು ಉಳಿದಿದೆ, ಇವನ್ನು ನೋಡಿಕೊಳ್ಳಿ. ಪೆಡಲ್ ಮೆತ್ತಗಿದ್ದರೆ ಅಲ್ಲಿಯೇ ಮೆಕ್ಯಾನಿಕ್ಕಿಗೆ ತೋರಿಸಿ, ಬೇಕಾದರೆ ರಾತ್ರಿ ಉಳಿದು, ಮರುದಿನ ಹೊರಡಿ.