ಕನ್ನಡಕದಂಗಡಿಯ ಬೀಗದ ಕೈ ನಿಮಗೆ ಬಂದಾಗ

ಗಂಡ ಗಲ್ಫಿಗೆ ಹೊರಟು ನಿಂತಾಗ, ಅಥವಾ ತಂದೆಗೆ ವಯಸ್ಸಾಗಿ ಕೂರಲು ಆಗದಾದಾಗ, ಪೇಟೆಯ ಪುಟ್ಟ ಕನ್ನಡಕದಂಗಡಿಯ ಬೀಗದ ಕೈ ಮನೆಯ ಹೆಣ್ಣುಮಕ್ಕಳಿಗೆ ಬರುವುದುಂಟು. "ಫ್ರೇಮ್ ತೋರಿಸಿ ದುಡ್ಡು ತೆಗೆದುಕೊಳ್ಳುವುದು ತಾನೇ, ಉಳಿದದ್ದನ್ನು ಹುಡುಗರು ನೋಡಿಕೊಳ್ಳುತ್ತಾರೆ" ಎಂದು ಎಲ್ಲರೂ ಧೈರ್ಯ ಹೇಳುತ್ತಾರೆ. ನಂಬಬೇಡಿ. ಬಟ್ಟೆ ಹೊಲಿಯುವಲ್ಲಿ ಅಳತೆ ತಪ್ಪಿದರೆ ಚೂಡಿದಾರ್ ಬಿಗಿಯಾಗುತ್ತದೆ, ಅಷ್ಟೆ. ಇಲ್ಲಿ ತಪ್ಪಿದರೆ ಒಂದು ಮಗು ತಿಂಗಳುಗಟ್ಟಲೆ ತಲೆನೋವು ಅನುಭವಿಸುತ್ತದೆ.

ಅನುಭವದಿಂದಲೇ ಹೇಳುತ್ತಿದ್ದೇನೆ. ನನ್ನ ಮಗಳಿಗೆ ಮೂರನೇ ತರಗತಿಯಲ್ಲಿ ಕನ್ನಡಕ ಬಂತು. ಹಾಕಿದ ದಿನದಿಂದ ಕಣ್ಣು ಉಜ್ಜುತ್ತಿದ್ದಳು, ಪುಸ್ತಕ ಮುಚ್ಚಿಡುತ್ತಿದ್ದಳು. ಓದಲು ಸೋಮಾರಿತನ ಎಂದು ನಾನೇ ಗದರಿದ್ದೆ. ಎರಡು ತಿಂಗಳ ನಂತರ ಡಾಕ್ಟರ ಬಳಿ ಹೋದಾಗ ತಿಳಿಯಿತು: ಪವರ್ ಸರಿಯಿತ್ತು, ಆದರೆ ಗ್ಲಾಸಿನ ಮಧ್ಯಬಿಂದು ಅವಳ ಕಣ್ಣಿನ ಪಾಪೆಯ ಎದುರಿಗಿರಲಿಲ್ಲ. ಅಂಗಡಿಯಲ್ಲಿ ಕೇಳಿದರೆ, ಆ ದಿನ ಅಳತೆ ತೆಗೆದವನು ಕೆಲಸಕ್ಕೆ ಸೇರಿ ವಾರವಾಗಿದ್ದ ಹುಡುಗನಂತೆ.

ಎರಡು ಪಾಪೆಗಳ ನಡುವಿನ ಅಂತರಕ್ಕೆ ಅಂಗಡಿಯವರು ಪಿ.ಡಿ. ಎನ್ನುತ್ತಾರೆ. ದೊಡ್ಡವರಲ್ಲಿ ಇದು ಸಾಮಾನ್ಯವಾಗಿ 60 ಮಿ.ಮೀ. ಆಸುಪಾಸು, ಮಕ್ಕಳಲ್ಲಿ ಇನ್ನೂ ಕಡಿಮೆ. 4 ಪವರಿನ ಗ್ಲಾಸಿನ ಮಧ್ಯ 5 ಮಿ.ಮೀ. ಸರಿದರೆ ಕಣ್ಣಿನ ಮುಂದೆ 2 ಡಯಾಪ್ಟರಿನ ಪ್ರಿಸಮ್ ಇಟ್ಟಂತೆ. ಪವರ್ ಏರಿದಷ್ಟೂ ಸಣ್ಣ ತಪ್ಪೂ ದೊಡ್ಡದಾಗುತ್ತದೆ. ಆದ್ದರಿಂದ ಬೇರೇನೂ ಕಲಿಯದಿದ್ದರೂ ಈ ಅಳತೆಯನ್ನು ನೀವೇ ಕಲಿಯಿರಿ. ಪಿ.ಡಿ. ಸ್ಕೇಲು ಹಿಡಿದು ಮನೆಯವರ ಮೇಲೆ ಅಭ್ಯಾಸ ಮಾಡಿ. ಒಬ್ಬರನ್ನೇ ಮೂರು ಸಲ ಅಳೆದಾಗ ಮೂರೂ ಒಂದೇ ಬರಬೇಕು.

ಇನ್ನು ಕೆಲಸದವರ ವಿಷಯ. ಕಣ್ಣು ಪರೀಕ್ಷೆಗೆ ಆಪ್ಟೋಮೆಟ್ರಿ ಓದಿದವರೇ ಇರಲಿ. ತಿಂಗಳ ಸಂಬಳ ಕೊಡಲಾಗದಿದ್ದರೆ ವಾರಕ್ಕೆ ಎರಡು ದಿನ ಬರಲು ಹೇಳಿ. ಉಳಿದ ದಿನ ಡಾಕ್ಟರ ಚೀಟಿ ತಂದವರಿಗೆ ಮಾತ್ರ ಕನ್ನಡಕ ಮಾಡಿಕೊಡಿ. ಕಂಪ್ಯೂಟರ್ ಟೆಸ್ಟ್ ಎಂದು ಬೋರ್ಡು ಹಾಕುತ್ತಾರಲ್ಲ, ಆ ಯಂತ್ರದ ಚೀಟಿ ಪರೀಕ್ಷೆಯ ಆರಂಭ ಮಾತ್ರ. ಯಂತ್ರದೊಳಗೆ ನೋಡುವಾಗ ಮಕ್ಕಳ ಕಣ್ಣು ಹತ್ತಿರದ ನೋಟಕ್ಕೆ ಹೊಂದಿಕೊಂಡು ಮೈನಸ್ ಪವರ್ ಹೆಚ್ಚಾಗಿ ತೋರುವುದುಂಟು.

ಕೌಂಟರಿನಲ್ಲಿ ಒಬ್ಬ ಹೆಣ್ಣುಮಗಳು ಇರಲೇಬೇಕು. ಪಿ.ಡಿ. ಅಳೆಯಲು ಮೊಳ ದೂರದಲ್ಲಿ ಎದುರು ಕುಳಿತು ನೇರವಾಗಿ ಕಣ್ಣು ನೋಡಬೇಕಾಗುತ್ತದೆ. ಗಂಡು ಹುಡುಗ ಅಳೆಯುವಾಗ ನಮ್ಮ ಹೆಂಗಸರಲ್ಲಿ ಹಲವರು ಕಣ್ಣು ತಗ್ಗಿಸುತ್ತಾರೆ, ಅಳತೆ ಅಲ್ಲೇ ಕೆಡುತ್ತದೆ. ನಿಕಾಬ್ ಧರಿಸುವವರಿಗೆ ಮೂಲೆಯಲ್ಲಿ ಒಂದು ಪರದೆ, ಅದರೊಳಗೊಂದು ಕನ್ನಡಿ ಇಡಿ. ಕನ್ನಡಕದ ಕಡ್ಡಿ ಸ್ಕಾರ್ಫಿನ ಮೇಲೆ ಬರುತ್ತದೋ ಒಳಗೋ ಎಂದು ಕೇಳಿಯೇ ಕಿವಿಯ ಬಳಿ ಬಗ್ಗಿಸಿ. ಜುಮಾ ಹೊತ್ತಿಗೆ ಮುಚ್ಚುವುದಿದ್ದರೆ ಸಮಯವನ್ನು ಬಾಗಿಲಲ್ಲಿ ಬರೆದು ಹಾಕಿ, ಹಳ್ಳಿಯಿಂದ ಬಸ್ಸು ಹತ್ತಿ ಬಂದವರು ಬಿಸಿಲಲ್ಲಿ ಕಾಯಬಾರದು.

ಪ್ರತಿ ಆರ್ಡರಿಗೂ ಒಂದು ಜಾಬ್ ಕಾರ್ಡ್ ಬರೆಯಿಸಿ: ಹೆಸರು, ಫೋನ್, ಎರಡೂ ಕಣ್ಣಿನ ಪವರ್, ಆಕ್ಸಿಸ್, ಪಿ.ಡಿ., ಫ್ರೇಮಿನ ನಂಬರು, ಮುಂಗಡ, ಬಾಕಿ, ಕೊಡುವ ದಿನ, ಅಳೆದವರ ಸಹಿ. ಸಹಿ ಹಾಕಬೇಕೆಂದಾಗ ಕೈ ತಾನಾಗಿ ನಿಧಾನವಾಗುತ್ತದೆ. ಲ್ಯಾಬಿನಿಂದ ಬಂದ ಗ್ಲಾಸನ್ನು ಲೆನ್ಸೋಮೀಟರಿನಲ್ಲಿ ಒಮ್ಮೆ, ಫ್ರೇಮಿಗೆ ಕೂರಿಸಿದ ಮೇಲೆ ಇನ್ನೊಮ್ಮೆ ನೋಡಬೇಕು. ಸಿಲಿಂಡರ್ ಪವರ್ ಇರುವ ಗ್ಲಾಸು ಕೂರಿಸುವಾಗ ಸ್ವಲ್ಪ ತಿರುಗಿದರೂ ಆಕ್ಸಿಸ್ ಕೆಡುತ್ತದೆ. "ಹದಿನೈದು ವರ್ಷದಿಂದ ಮಾಡುತ್ತಿದ್ದೇನೆ ಅಕ್ಕಾ" ಎಂದು ಫಿಟ್ಟರ್ ಮುಖ ಸಪ್ಪೆ ಮಾಡಬಹುದು. ಮಾಡಲಿ. ತಾನು ಕೂರಿಸಿದ್ದನ್ನು ತಾನೇ ಪಾಸು ಮಾಡುವ ಪದ್ಧತಿ ಬೇಡ, ಎರಡನೇ ಪರೀಕ್ಷೆ ನಿಮ್ಮದಾಗಿರಲಿ.

ದುಬಾರಿ ಗ್ಲಾಸು ಮಾರಿದರೆ ಕಮಿಷನ್ ಕೊಡುವ ಅಂಗಡಿಗಳಿವೆ. ನನಗೆ ಇದು ಸರಿ ಕಾಣುವುದಿಲ್ಲ. ನಲವತ್ತು ದಾಟಿ, ಹತ್ತಿರದ್ದು ಮಾತ್ರ ಮಸುಕಾಗಿರುವ ಬೀಡಿ ಕಟ್ಟುವ ಹೆಂಗಸಿಗೆ ಬೇಕಾದದ್ದು ಮಡಿಲ ಮೊರದಲ್ಲಿನ ಎಲೆ, ನೂಲು ಕಾಣುವ ಸಾದಾ ಗ್ಲಾಸು. ಕಮಿಷನ್ ಆಸೆಗೆ ಹುಡುಗರು ಅವಳಿಗೂ ಪ್ರೊಗ್ರೆಸ್ಸಿವ್ ಹೊರಿಸುತ್ತಾರೆ. ಬದಲಿಗೆ, ತಿಂಗಳಲ್ಲಿ ಒಂದು ಗ್ಲಾಸೂ ತಪ್ಪಿ ಮತ್ತೆ ಮಾಡಬೇಕಾಗಿ ಬರದಿದ್ದರೆ ಎಲ್ಲರಿಗೂ ಸೇರಿ ಒಂದಿಷ್ಟು ಬಹುಮಾನ ಕೊಡಿ. ದೂರಿನ ಪುಸ್ತಕ ಮಾತ್ರ ನಿಮ್ಮ ಬಳಿಯೇ ಇರಲಿ, ಇಲ್ಲವಾದರೆ ದೂರುಗಳು ಮಾಯವಾಗುತ್ತವೆ.

ಲೆಕ್ಕದ ಮಾತು ಚಿಕ್ಕದು. ಕನ್ನಡಕ ಕೊಡುವವರೆಗೆ ಮುಂಗಡವು ಗಿರಾಕಿಯ ಅಮಾನತು. ಮನೆಯ ಮೀನಿಗೂ ಮಕ್ಕಳ ಫೀಸಿಗೂ ಅದರಿಂದ ತೆಗೆದರೆ ಲ್ಯಾಬಿನ ಬಿಲ್ಲು ಬಂದಾಗ ಗಲ್ಲಾ ಖಾಲಿ. ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ದೃಷ್ಟಿಯ ಕನ್ನಡಕಕ್ಕೆ ಶೇ. 5ಕ್ಕೆ ಇಳಿದಿದೆ, ಕೂಲಿಂಗ್ ಗ್ಲಾಸಿನ ದರ ಬೇರೆ, ಬಿಲ್ಲಿನಲ್ಲಿ ಬೆರೆಸಬೇಡಿ.

ರಾತ್ರಿ ಶಟರ್ ಎಳೆಯುವ ಮೊದಲು, ಸಿದ್ಧವಾಗಿಯೂ ಯಾರೂ ಒಯ್ಯದ ಕನ್ನಡಕಗಳ ಡಬ್ಬಿ ನೋಡಿ. ವಾರ ದಾಟಿದ್ದರೆ ಫೋನ್ ಮಾಡಿ. ಬಾಕಿ ಹೊಂದಿಸಲಾಗದೆ ನಾಚಿಕೊಂಡು ಬಾರದವರು ಇರುತ್ತಾರೆ. ಎರಡು ಕಂತಿಗೆ ಒಪ್ಪಿ ಕೊಟ್ಟುಬಿಡಿ. ಅವರ ಅಳತೆಗೆ ಮಾಡಿದ ಗ್ಲಾಸು ಬೇರೆ ಯಾರ ಕಣ್ಣಿಗೂ ಆಗುವುದಿಲ್ಲ.