ಬೆಲೆ ಬಿದ್ದ ಟೊಮೆಟೊ: ಮನೆಯಲ್ಲೇ ಸಾಸ್ ಮಾಡೋಣ

ಹೊಸೂರು, ರಾಯಕೋಟೆ ಕಡೆಯ ನಮ್ಮ ರೈತರಿಗೆ ಟೊಮೆಟೊ ಬೆಲೆಯ ಏರಿಳಿತ ಹೊಸದೇನಲ್ಲ. 2023ರ ಜುಲೈಯಲ್ಲಿ ಪಟ್ಟಣಗಳಲ್ಲಿ ಕಿಲೋಗೆ ನೂರು ರೂಪಾಯಿ ದಾಟಿದ್ದ ಹಣ್ಣು, ಸೆಪ್ಟೆಂಬರ್ ಹೊತ್ತಿಗೆ ಕೊಯ್ಲಿನ ಕೂಲಿಯೂ ಹುಟ್ಟದಷ್ಟು ಇಳಿಯಿತು. ಅಂಥ ದಿನಗಳಲ್ಲಿ ಬಾಕ್ಸುಗಟ್ಟಲೆ ಹಣ್ಣನ್ನು ರಸ್ತೆ ಪಕ್ಕ ಸುರಿದು ಬರುವ ನಾವೇ, ಮಕ್ಕಳು ಕೇಳಿದರೆಂದು ಅಂಗಡಿಯಿಂದ ಸಾಸ್ ಬಾಟಲಿ ತರುತ್ತೇವೆ! ಹತ್ತು ಕಿಲೋ ಹಣ್ಣಿಗೆ ಸುಮಾರು ಮೂರು ಕಿಲೋ ಸಾಸ್ ಬರುತ್ತದೆ. ಬೆಳೆಯ ನಷ್ಟ ಇದರಿಂದ ತುಂಬುವುದಿಲ್ಲ, ನಿಜ. ಆದರೆ ಮನೆಯ ಮಟ್ಟಿಗೆ ಒಂದು ಖರ್ಚು ಉಳಿಯುತ್ತದೆ.

ಗಿಡದಲ್ಲೇ ಪೂರ್ತಿ ಕೆಂಪಾದ, ಗಟ್ಟಿ ಹಣ್ಣನ್ನು ಆರಿಸಿಕೊಳ್ಳಿ. ತೊಟ್ಟಿನ ಬಳಿ ಹಸಿರು ಉಳಿದಿದ್ದರೆ ಸಾಸ್ ಕಂದು ಬಣ್ಣಕ್ಕೆ ತಿರುಗುತ್ತದೆ. ಕೊಳೆತ ಭಾಗ ಕತ್ತರಿಸಿ ಉಳಿದದ್ದನ್ನು ಹಾಕುವ ಉಳಿತಾಯ ಬೇಡ. ಹಣ್ಣನ್ನು ತೊಳೆದು, ಹೆಚ್ಚಿ, ಮೆತ್ತಗೆ ಬೇಯಿಸಿ, ಸ್ಟೀಲ್ ಜರಡಿಯಲ್ಲಿ ಉಜ್ಜಿ ಸಿಪ್ಪೆ, ಬೀಜ ತೆಗೆಯಿರಿ.

ಹೀಗೆ ಸಿಕ್ಕ ಒಂದು ಕಿಲೋ ತಿರುಳಿಗೆ 75 ಗ್ರಾಂ ಸಕ್ಕರೆ, 10 ಗ್ರಾಂ ಉಪ್ಪು, 25 ಮಿಲಿಲೀಟರ್ ವಿನೆಗರ್ ಬೇಕು. ಹೆಚ್ಚಿದ ಈರುಳ್ಳಿ 50 ಗ್ರಾಂ, ಶುಂಠಿ 10 ಗ್ರಾಂ, ಬೆಳ್ಳುಳ್ಳಿ 5 ಗ್ರಾಂ, ಜೊತೆಗೆ ಖಾರದ ಪುಡಿ, ಚಕ್ಕೆ, ಲವಂಗ, ಮೆಣಸು, ಜೀರಿಗೆಯನ್ನು ರುಚಿಗೆ ತಕ್ಕಷ್ಟು ತೆಳುಬಟ್ಟೆಯಲ್ಲಿ ಸಡಿಲವಾಗಿ ಗಂಟು ಕಟ್ಟಿ ತಿರುಳಿನಲ್ಲಿ ಇಳಿಬಿಡಿ. ಸಕ್ಕರೆಯಲ್ಲಿ ಮೂರನೇ ಒಂದು ಪಾಲು ಮಾತ್ರ ಮೊದಲೇ ಹಾಕಿ; ಬಣ್ಣ ಚೆನ್ನಾಗಿ ನಿಲ್ಲುತ್ತದೆ. ತಳ ಹಿಡಿಯದಂತೆ ಕೈಯಾಡಿಸುತ್ತಾ ಮೂರರಲ್ಲಿ ಒಂದು ಪಾಲು ಉಳಿಯುವವರೆಗೆ ಕುದಿಸಿ. ಆಮೇಲೆ ಗಂಟನ್ನು ಹಿಂಡಿ ತೆಗೆದು, ಉಳಿದ ಸಕ್ಕರೆ, ಉಪ್ಪು ಸೇರಿಸಿ. ವಿನೆಗರ್ ಕೊನೆಗೆ, ಮೊದಲೇ ಹಾಕಿದರೆ ಅದರ ಹುಳಿ ಆವಿಯಾಗಿ ಹೋಗುತ್ತದೆ. ತಟ್ಟೆಯ ಮೇಲೆ ಒಂದು ಹನಿ ಹಾಕಿದಾಗ ಸುತ್ತ ನೀರು ಬಿಡದಿದ್ದರೆ ಹದ ಬಂತೆಂದು ತಿಳಿಯಿರಿ.

ಕಬ್ಬಿಣ, ತಾಮ್ರ, ಅಲ್ಯೂಮಿನಿಯಂ ಪಾತ್ರೆ ಬೇಡ. ಹುಳಿ ಲೋಹವನ್ನು ಕರಗಿಸುತ್ತದೆ. ಬಾಟಲಿಯ ಕತ್ತಿನಲ್ಲಿ ಕೆಲವೊಮ್ಮೆ ಕಪ್ಪು ಬಳೆಯಂತೆ ಕಾಣುತ್ತದಲ್ಲ, ಅದು ಪಾತ್ರೆಯ ಅಥವಾ ಮುಚ್ಚಳದ ಕಬ್ಬಿಣದ ಅಂಶ ಮಸಾಲೆಯ ಒಗರಿನೊಡನೆ ಸೇರಿ ಆದದ್ದು. ಲವಂಗದ ತಲೆ ಮುರಿದು ಹಾಕಬೇಕೆಂದು ಬಲ್ಲವರು ಹೇಳುವುದು ಇದಕ್ಕೇ.

ನಾವು ಮೊದಲ ಸಲ ಮಾಡಿದ ಸಾಸ್ ತಿಂಗಳೊಳಗೆ ನೊರೆ ಬಂದು ಮುಚ್ಚಳ ಹಾರಿಸಿತು. ಬಾಟಲಿ ತೊಳೆದಿದ್ದೆವು, ಕುದಿಸಿರಲಿಲ್ಲ. ಸಾಸೂ ನೀರಾಗಿತ್ತು. ಗಾಜಿನ ಬಾಟಲಿಗಳನ್ನು ಇಪ್ಪತ್ತು ನಿಮಿಷ ನೀರಿನಲ್ಲಿ ಕುದಿಸಿ, ಬಿಸಿಯಿರುವಾಗಲೇ ಬಿಸಿ ಸಾಸ್ ತುಂಬಿ ಮುಚ್ಚಿ. ಬಳಿಕ ತಳದಲ್ಲಿ ಬಟ್ಟೆ ಹಾಸಿದ ಪಾತ್ರೆಯಲ್ಲಿ ಬಾಟಲಿಗಳನ್ನು ನಿಲ್ಲಿಸಿ, ಕುದಿಯುವ ಮಟ್ಟಕ್ಕಿಂತ ಸ್ವಲ್ಪ ಕಡಿಮೆ ಬಿಸಿಯ ನೀರಿನಲ್ಲಿ ಅರ್ಧ ಗಂಟೆ ಇಡಿ. ತಣ್ಣನೆಯ ಕಲ್ಲಿನ ಮೇಲೆ ಇಟ್ಟರೆ ಗಾಜು ಸೀಳುತ್ತದೆ.

ಈಗಿನ ಹೈಬ್ರಿಡ್ ಹಣ್ಣುಗಳಲ್ಲಿ ಹಲವಕ್ಕೆ ನಾಟಿಯಷ್ಟು ಹುಳಿಯಿಲ್ಲ. ಆದ್ದರಿಂದ ವಿನೆಗರ್ ಕಡಿಮೆ ಮಾಡಬೇಡಿ. ಅಪಾಯಕಾರಿ ಬ್ಯಾಕ್ಟೀರಿಯಾಗಳನ್ನು ಬೆಳೆಯದಂತೆ ತಡೆಯುವುದು ಆ ಹುಳಿಯೇ. ಸಕ್ಕರೆ ಕಾಯಿಲೆಯವರಿಗೆಂದು ಸಕ್ಕರೆ ಇಳಿಸಿದರೆ ಫ್ರಿಜ್‌ನಲ್ಲಿಟ್ಟು ಬೇಗ ಮುಗಿಸಿ. ರಕ್ತದೊತ್ತಡ ಇರುವವರು ಉಪ್ಪಿನ ಲೆಕ್ಕ ಮರೆಯಬಾರದು. ಬೇಯಿಸಿದಾಗ ಸಿ ಜೀವಸತ್ವ ಸ್ವಲ್ಪ ನಷ್ಟವಾಗುತ್ತದೆ, ಆದರೆ ಹಣ್ಣಿಗೆ ಕೆಂಪು ಕೊಡುವ ಲೈಕೋಪೀನ್ ಹಸಿ ಹಣ್ಣಿಗಿಂತ ಬೆಂದದ್ದರಿಂದಲೇ ದೇಹಕ್ಕೆ ಚೆನ್ನಾಗಿ ಒದಗುತ್ತದೆ.

ತೆರೆದ ಬಾಟಲಿ ಫ್ರಿಜ್‌ನಲ್ಲಿರಲಿ. ಬೂಷ್ಟು ಕಂಡರೆ ಮೇಲಿನದನ್ನು ತೆಗೆದು ಉಳಿದದ್ದನ್ನು ಬಳಸುವ ನಮ್ಮ ಹಳೆಯ ಅಭ್ಯಾಸ ಇಲ್ಲಿ ಸಲ್ಲದು. ಇಡೀ ಬಾಟಲಿ ಚೆಲ್ಲಿರಿ. ಮಹಿಳಾ ಸಂಘದವರು ಮಾರುವ ಯೋಚನೆ ಮಾಡಿದರೆ ಆಹಾರ ಸುರಕ್ಷತಾ ಇಲಾಖೆಯಲ್ಲಿ ನೋಂದಣಿ ಮಾಡಿಸಲೇಬೇಕು. ಮಾರುವ ಸಾಸ್‌ನಲ್ಲಿ ಕರಗಿದ ಘನಾಂಶ ಶೇಕಡ 25ಕ್ಕೆ, ಹುಳಿ ಶೇಕಡ 1ಕ್ಕೆ ಕಡಿಮೆಯಿರಬಾರದೆಂಬುದು ನಿಯಮ.