ಏಳಕ್ಕೆ ಒಂದು ಕೂಡಿದರೆ ಮೊದಲು ಆರು

ಮುಂಬೈಯ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಗ್ರ್ಯಾಂಟ್ ರೋಡ್ ಸ್ಟೇಶನ್ ಹತ್ತಿರದ ಲ್ಯಾಮಿಂಗ್ಟನ್ ರೋಡ್ ಚಿರಪರಿಚಿತ. ಅಲ್ಲಿಂದ ಗೇಟುಗಳ ಐಸಿ, ಬ್ರೆಡ್‌ಬೋರ್ಡ್, ಎಲ್‌ಇಡಿ ತಂದು ನಾಲ್ಕು ಬಿಟ್‌ನ ಆ್ಯಡರ್ ಕಟ್ಟುತ್ತಾರೆ. 7ಕ್ಕೆ 1 ಕೂಡಿಸಿದರೆ ದೀಪಗಳು 8 ಎಂದು ತೋರಿಸುತ್ತವೆ. ಪ್ರಯೋಗ ಮುಗಿಯಿತು. ಆದರೆ ಕಲಿಯಬೇಕಾದದ್ದು ಕಣ್ತಪ್ಪಿಸಿ ಹೋಗಿರುತ್ತದೆ.

ಆ ಸರ್ಕ್ಯೂಟ್ 8ಕ್ಕೆ ಬರುವ ಮೊದಲು 6, 4, 0 ಎಂಬ ಮೂರು ತಪ್ಪು ಉತ್ತರ ಕೊಟ್ಟಿರುತ್ತದೆ! ದ್ವಿಮಾನದಲ್ಲಿ 7 ಆದ 0111 ಮತ್ತು 1 ಆದ 0001 ಸೇರಿದ ಕೂಡಲೇ ಪ್ರತಿ ಸ್ಥಾನವೂ ತನ್ನಷ್ಟಕ್ಕೆ ಲೆಕ್ಕ ಮಾಡಿ 0110 ಎನ್ನುತ್ತದೆ. ಶಾಲೆಯಲ್ಲಿ 'ದಶಕ' ಎನ್ನುತ್ತಿದ್ದೆವಲ್ಲ, ಆ ಕ್ಯಾರಿ ಇನ್ನೂ ಬಂದಿಲ್ಲ. ಅದು ಒಂದೊಂದೇ ಮನೆ ದಾಟಿದಂತೆ 0100, 0000, ಕೊನೆಗೆ 1000. ಹಳೆಯ ಟಿಟಿಎಲ್ ಗೇಟ್ ಒಂದನ್ನು ದಾಟಲು ಸುಮಾರು 10 ನ್ಯಾನೋಸೆಕೆಂಡ್, ಅಂದರೆ ಸೆಕೆಂಡಿನ ಹತ್ತು ಕೋಟಿಯಲ್ಲಿ ಒಂದು ಭಾಗ ಸಾಕು. ಯಾವ ಕಣ್ಣಿಗೆ ಇದು ಕಂಡೀತು? ಸರ್ಕ್ಯೂಟನ್ನು ಕಂಪ್ಯೂಟರಿನಲ್ಲೇ ನಡೆಸಿ ನೋಡುವ ತಂತ್ರಾಂಶವಾದ ಸಿಮ್ಯುಲೇಟರ್ ಈ ಕ್ಷಣವನ್ನೇ ಪರದೆಯಗಲ ಹಿಗ್ಗಿಸಿ ತೋರಿಸುತ್ತದೆ. ಕ್ಯಾರಿ ಕೊನೆಯ ಮನೆ ಮುಟ್ಟುವವರೆಗೆ ಕಂಪ್ಯೂಟರಿನ ಕೆಲಸಕ್ಕೆ ತಾಳ ಹಾಕುವ ಕ್ಲಾಕ್ ಏಕೆ ಕಾಯಬೇಕೆಂದು ಆಗ ಹೇಳಿಕೊಡಬೇಕಾಗಿಯೇ ಇಲ್ಲ.

ಮೊದಲು ಸಣ್ಣದರಲ್ಲಿ ಆಡಿಸಿ ನೋಡುವುದು ಮುಂಬೈಗೆ ಹೊಸತಲ್ಲ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು 1960ರಲ್ಲಿ ಚಾಲನೆಗೆ ತಂದ ಟಿಫ್ರ್ಯಾಕ್ ಕಂಪ್ಯೂಟರಿಗೂ ಮುಂಚೆ ಒಂದು ಪುಟ್ಟ ಪ್ರಾಯೋಗಿಕ ಯಂತ್ರವನ್ನು ಕಟ್ಟಿದ್ದರು. ಇಂದು ಆ ಕೆಲಸವನ್ನು ತಂತ್ರಾಂಶ ಮಾಡುತ್ತದೆ. ಪೊವಾಯಿಯ ಐಐಟಿ ಬಾಂಬೆಯ ಫಾಸೀ ಯೋಜನೆ ರೂಪಿಸಿದ 'ಇಸಿಮ್' ಮುಕ್ತ, ಉಚಿತ. ಸರ್ಕ್ಯೂಟ್ ಬರೆಯಲು ಅದರೊಳಗೆ ಕೈಕ್ಯಾಡ್ ಇದೆ, ಲೆಕ್ಕ ಹಾಕಲು ಎನ್‌ಜಿಸ್ಪೈಸ್ ಇದೆ. ಈ ಸ್ಪೈಸ್‌ನ ಮೂಲ 1970ರ ದಶಕದ ಬರ್ಕ್ಲಿ ವಿಶ್ವವಿದ್ಯಾಲಯ. ದುಬಾರಿ ಲೈಸೆನ್ಸ್ ಕೊಳ್ಳಲಾಗದ ಊರಿನ ಕಾಲೇಜಿಗೂ ಇಸಿಮ್ ತಲುಪುತ್ತದೆಂಬುದೇ ನನಗೆ ಎಲ್ಲಕ್ಕಿಂತ ದೊಡ್ಡ ಸಂಗತಿ.

ಆದರೆ ಸಿಮ್ಯುಲೇಟರಿಗೆ ತಿಳಿದಿರುವುದು ನಾವು ತಿಳಿಸಿದಷ್ಟೇ. ಗೇಟಿನ ವಿಳಂಬ ಸೊನ್ನೆ ಎಂದು ಬರೆದರೆ ಅದು ನೇರವಾಗಿ 8 ತೋರಿಸಿ ಸುಮ್ಮನಾಗುತ್ತದೆ. ಸಡಿಲ ತಂತಿ, ಬಿಸಿಯೇರಿದ ಐಸಿ, ಮಳೆಗಾಲದಲ್ಲಿ ಕಿಲುಬು ಹಿಡಿದ ಪಿನ್ನು ಅದರ ಲೆಕ್ಕಕ್ಕೆ ತಾವಾಗಿ ಬರುವುದಿಲ್ಲ. ಹಾಗಾಗಿ ಬ್ರೆಡ್‌ಬೋರ್ಡನ್ನು ಪ್ರಯೋಗಾಲಯದಿಂದ ಹೊರಹಾಕುವುದು ತಪ್ಪು. ಸಿಮ್ಯುಲೇಟರ್ ಮೊದಲು, ಬೋರ್ಡ್ ಆಮೇಲೆ, ಎರಡೂ ಬೇಕು.

ಅಧ್ಯಾಪಕರಲ್ಲಿ ಒಂದು ಕೋರಿಕೆ: ಮುಂದಿನ ತರಗತಿಯಲ್ಲಿ ಆ್ಯಡರಿನ ಪ್ರತಿ ಗೇಟಿಗೂ 10 ನ್ಯಾನೋಸೆಕೆಂಡ್ ವಿಳಂಬ ಕೊಟ್ಟು, ಆ 6, 4, 0ಗಳನ್ನು ಮಕ್ಕಳೇ ಕಂಡುಹಿಡಿಯಲು ಬಿಡಿ.